ಮನೆ ಡ್ರೈನೇಜ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ, ನೆಲ ಒಡೆಯಲೇಬೇಕಾ?

ಕೆಳಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ. ನಮ್ಮದು ಹಳೇ ಮನೆ, ನೆಲಮಹಡಿ. ಅಡುಗೆಮನೆ ಸಿಂಕ್‌ನ ನೀರು ಕೆಲವು ತಿಂಗಳಿಂದ ನಿಧಾನಕ್ಕೆ ಇಳಿಯುತ್ತಿದೆ. ಡ್ರೈನ್ ಕ್ಲೀನರ್ ಪುಡಿ ಹಾಕಿದರೆ ಸ್ವಲ್ಪ ದಿನ ಸಲೀಸಾಗಿ ಹೋಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಈಗ ಇನ್ನೊಂದು ಶುರುವಾಗಿದೆ. ಕಮೋಡ್ ಫ್ಲಶ್ ಮಾಡಿದರೆ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು ಬರುತ್ತದೆ, ಒಮ್ಮೊಮ್ಮೆ ಕಪ್ಪು ನೀರು ಮೇಲೆ ಬಂದು ಮತ್ತೆ ಇಳಿಯುತ್ತದೆ. ಬಂದ ಪ್ಲಂಬರ್ ಐದು ನಿಮಿಷ ನೋಡಿ "ಪೈಪೆಲ್ಲ ಹೋಗಿದೆ, ನೆಲ ಒಡೆದು ಹೊಸದು ಹಾಕಬೇಕು" ಅಂದುಬಿಟ್ಟರು. ಮನೆಯಲ್ಲಿ ವಯಸ್ಸಾದವರು ಇದ್ದಾರೆ, ಬಚ್ಚಲು ಒಡೆದು ಹಾಕಿದರೆ ನಾವೆಲ್ಲಿಗೆ ಹೋಗೋದು? ಒಡೆಯದೆ ಗೊತ್ತುಮಾಡಿಕೊಳ್ಳುವ ದಾರಿ ಇದೆಯಾ? ಸರಿಯಾದ ಮೇಲೆ ಮತ್ತೆ ಹೀಗಾಗದ ಹಾಗೆ ಏನು ಮಾಡಬೇಕು?

ಪೈಪಣ್ಣ

ನಾನು ಇದೇ ಕೆಲಸದವನು. ನೆಲಕ್ಕೆ ಸುತ್ತಿಗೆ ಹಾಕೋದು ಕೊನೆಯ ಮಾತು, ಈಗಲೇ ಬೇಡ.

ನೀವು ಹೇಳಿದ್ದರಲ್ಲಿ ತೊಂದರೆ ಒಂದಲ್ಲ, ಎರಡಿದ್ದ ಹಾಗಿದೆ. ಸಿಂಕ್ ಒಂದೇ ನಿಧಾನ ಅಂದ್ರೆ ಕಸ ಇರೋದು ಅದರ ಕೆಳಗಿನ ಟ್ರ್ಯಾಪಿನಲ್ಲಿ (ಸದಾ ಸ್ವಲ್ಪ ನೀರು ನಿಲ್ಲುವ ಬಾಗಿದ ಪೈಪು) ಅಥವಾ ಅದರದೇ ಕವಲು ಪೈಪಿನಲ್ಲಿ. ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಕಡೆ ಗುಳುಗುಳು ಅನ್ನುತ್ತದೆ ಅಂದ್ರೆ ಎರಡೂ ಸೇರಿದ ಮೇಲೆ ಎಲ್ಲೋ ಮುಖ್ಯ ಲೈನಿನಲ್ಲಿ ತಡೆ ಇದೆ. ಕಮೋಡಿನ ನೀರಿಗೆ ಮುಂದೆ ಹೋಗಲು ಜಾಗ ಸಿಗದೆ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಅದು ಸಾಮಾನ್ಯವಾಗಿ ಬಚ್ಚಲಿನ ಜಾಲರಿಯೇ.

ಈಗ ಹೊರಗೆ ಹೋಗಿ ಚೇಂಬರ್ (ಪೈಪುಗಳು ಬಂದು ಸೇರುವ ಗುಂಡಿ) ಮುಚ್ಚಳ ತೆಗೆಯಿರಿ. ಮನೆಗೆ ಹತ್ತಿರದ ಚೇಂಬರಿನಿಂದ ಶುರು ಮಾಡಿ. ಒಳಗೆ ಒಬ್ಬರು ಫ್ಲಶ್ ಮಾಡಲಿ. ಚೇಂಬರ್ ಖಾಲಿ ಇದ್ದು ನೀರು ಬರಲೇ ಇಲ್ಲ ಅಂದ್ರೆ ತಡೆ ಇರೋದು ಮನೆಗೂ ಆ ಚೇಂಬರಿಗೂ ನಡುವೆ. ಅದೇ ತುಂಬಿ ನಿಂತಿದ್ದರೆ ಮನೆಯೊಳಗಿನ ಪೈಪಿನದು ಸದ್ಯಕ್ಕೆ ತಪ್ಪಿಲ್ಲ, ತಡೆ ಅದರ ಕೆಳಗಿದೆ. ಆಗ ಮುಂದಿನ ಚೇಂಬರ್ ತೆಗೆಯಿರಿ. ಒಂದು ತುಂಬಿದೆ, ಮುಂದಿನದು ಖಾಲಿ ಇದೆ ಅಂದ್ರೆ ಆ ಎರಡರ ನಡುವೆಯೇ ಕೈ ಇಡಬೇಕಾದ ಜಾಗ. ಇಷ್ಟು ನೋಡದೆ ಒಡೆಯಿರಿ ಅನ್ನೋರ ಮಾತು ಕೇಳಬೇಡಿ.

ಮುಚ್ಚಳ ತೆಗೆದ ಕೂಡಲೇ ಮುಖ ಒಡ್ಡಿ ನೋಡಬೇಡಿ, ಸ್ವಲ್ಪ ಹೊತ್ತು ಗಾಳಿಯಾಡಲಿ. ಹತ್ತಿರ ಬೆಂಕಿ, ಸಿಗರೇಟು ಬೇಡ.

ಸುಮ್ನೆ_ಓದುಗ

ಇಷ್ಟೆಲ್ಲ ಯಾಕೆ? ನಾನು ತಿಂಗಳಿಗೊಮ್ಮೆ ಎಲ್ಲ ಜಾಲರಿಗೂ ಆ್ಯಸಿಡ್ ಸುರಿಯುತ್ತೇನೆ. ಮೇಲಿಂದ ಒಂದು ಪಾತ್ರೆ ಕುದಿಯುವ ನೀರು. ನಮ್ಮಲ್ಲಿ ಯಾವತ್ತೂ ಕಟ್ಟಿಕೊಂಡಿಲ್ಲ.

ರಸಾಯನ_ಮೇಷ್ಟ್ರು

ಓದುಗರೇ, ಜಗಳಕ್ಕಲ್ಲ, ಆದರೆ ಇದನ್ನು ಓದಿ ಇನ್ನೊಬ್ಬರು ಹಾಗೇ ಮಾಡುತ್ತಾರೆ ಅಂತ ಬರೆಯುತ್ತಿದ್ದೇನೆ.

ಟಾಯ್ಲೆಟ್ ತೊಳೆಯಲು ಸಿಗುವ ಆ್ಯಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣದ ಕಲೆ ತೆಗೆಯುತ್ತದೆ. ಸಿಂಕ್ ಪೈಪಿನಲ್ಲಿ ಕೂತಿರೋದು ಜಿಡ್ಡು, ಬಚ್ಚಲಿನಲ್ಲಿ ಕೂತಿರೋದು ಕೂದಲು. ಎರಡಕ್ಕೂ ಅದು ಹೆಚ್ಚೇನೂ ಮಾಡುವುದಿಲ್ಲ. ಹಾಗಾದ್ರೆ ಏನನ್ನು ತಿನ್ನುತ್ತದೆ? ಸಿಮೆಂಟನ್ನು. ಹಳೇ ಪೈಪಿನ ಸಿಮೆಂಟ್ ಜಾಯಿಂಟು, ಚೇಂಬರಿನ ಒಳಗಿನ ಗಾರೆ, ಟೈಲ್ಸ್ ಸಂದಿನ ಗ್ರೌಟು, ಸ್ಟೀಲ್ ಜಾಲರಿ. ಪಿವಿಸಿ ಪೈಪಿಗೆ ಏನೂ ಆಗಲ್ಲ, ಅದರ ಅಕ್ಕಪಕ್ಕದ್ದೆಲ್ಲ ತೆಳ್ಳಗಾಗುತ್ತಾ ಹೋಗುತ್ತದೆ.

ಕೆಳಮನೆಯವರು ಹಾಕಿದ ಪುಡಿ ಬಹುಶಃ ಕಾಸ್ಟಿಕ್ ಸೋಡಾ. ಅದು ಬೇರೆ ಜಾತಿ. ನೀರು ತಾಕಿದ ಕೂಡಲೇ ಬಿಸಿಯಾಗುತ್ತದೆ, ಕೊಬ್ಬನ್ನು ಸೋಪಾಗಿ ಮಾಡುತ್ತದೆ, ಕೂದಲನ್ನೂ ಕರಗಿಸುತ್ತದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಪೂರ್ತಿ ಕಟ್ಟಿಕೊಂಡ ಪೈಪಿನಲ್ಲಿ ಹಾಕಿದರೆ ಅಲ್ಲೇ ನಿಂತು ಕಾಯುತ್ತದೆ, ಕೆಲವು ಸಲ ಗಟ್ಟಿಯಾಗಿ ಕಲ್ಲಾಗಿಬಿಡುತ್ತದೆ. ಆಮೇಲೆ ಟ್ರ್ಯಾಪ್ ಬಿಚ್ಚಲು ಬಂದವನ ಕೈಗೆ, ಕಣ್ಣಿಗೆ ಅದೇ ಹಾರುತ್ತದೆ. ಏನು ಸುರಿದಿದ್ದೀರಿ ಅಂತ ಪ್ಲಂಬರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ.

ಒಂದರ ಮೇಲೊಂದು ಮಾತ್ರ ಯಾವ ಕಾರಣಕ್ಕೂ ಸುರಿಯಬೇಡಿ. ಬ್ಲೀಚು ಮತ್ತು ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ. ಬ್ಲೀಚು ಮತ್ತು ಅಮೋನಿಯಾ ಸೇರಿದರೆ ಕ್ಲೋರಮೈನ್. ಬಾಗಿಲು ಹಾಕಿದ ಬಚ್ಚಲಲ್ಲಿ ಎರಡೂ ಜೀವಕ್ಕೆ ಕುತ್ತು.

ಕುದಿಯುವ ನೀರಿನ ಬಗ್ಗೆ: ಸಾಮಾನ್ಯ ಪಿವಿಸಿ ಪೈಪು ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಆದದ್ದು. 80ರ ಹತ್ತಿರ ಮೆತ್ತಗಾಗಲು ಶುರು. ಪ್ರತಿಸಲ 100 ಡಿಗ್ರಿ ನೀರು ಹೊಯ್ದರೆ ಜಾಯಿಂಟು ಸಡಿಲವಾಗುತ್ತದೆ, ಉದ್ದದ ಪೈಪು ನಡುವೆ ಜೋಲುತ್ತದೆ. ಪಿಂಗಾಣಿ ಕಮೋಡಿಗೆ ಸುರಿದರೆ ಬಿರುಕು ಬಿಡಬಹುದು. ಕೈಗೆ ಸ್ವಲ್ಪ ಚುರ್ ಅನ್ನುವಷ್ಟು ಬಿಸಿ ಸಾಕು.

ಸುಮ್ನೆ_ಓದುಗ

ಮೇಷ್ಟ್ರೇ, ಥಿಯರಿ ಸರಿ. ನಮ್ಮ ಪೈಪು ಇಷ್ಟು ವರ್ಷ ನಿಂತಿದೆಯಲ್ಲ.

ರಸಾಯನ_ಮೇಷ್ಟ್ರು

ನಿಂತಿದೆಯೋ ಸೋರುತ್ತಿದೆಯೋ ನೆಲದ ಕೆಳಗೆ ಯಾರು ನೋಡಿದ್ದಾರೆ ಸರ್ 🙂

ಹಂಚಿನ_ಮನೆ

ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದರೆ ನೊರೆ ಬಂದು ಎಲ್ಲ ಕ್ಲೀನ್ ಆಗುತ್ತೆ ಅಂತಾರಲ್ಲ? ಎಲ್ಲ ವಿಡಿಯೋದಲ್ಲೂ ಅದೇ.

ರಸಾಯನ_ಮೇಷ್ಟ್ರು

ನೊರೆ ನೋಡಲು ಚೆಂದ. ಒಂದು ಕ್ಷಾರ, ಒಂದು ಆಮ್ಲ, ಎರಡೂ ಒಂದನ್ನೊಂದು ತಟಸ್ಥ ಮಾಡಿಕೊಂಡು ಕೊನೆಗೆ ಉಳಿಯೋದು ಕಾರ್ಬನ್ ಡೈಆಕ್ಸೈಡ್, ನೀರು, ಒಂದಿಷ್ಟು ಉಪ್ಪು. ಆ ಉಪ್ಪುನೀರಿಗೆ ಜಿಡ್ಡು ಬಗ್ಗುವುದಿಲ್ಲ. ಹಾನಿ ಇಲ್ಲ, ವಾಸನೆ ಸ್ವಲ್ಪ ಕಡಿಮೆಯಾಗಬಹುದು. ಅದಕ್ಕಿಂತ ಒಂದು ಬಕೆಟ್ ಬೆಚ್ಚಗಿನ ಸೋಪು ನೀರನ್ನು ಒಮ್ಮೆಲೇ ಸುರಿದರೆ ಜಾಸ್ತಿ ಲಾಭ.

ಸಿಂಕ್_ಪಕ್ಕ

ಜಿಡ್ಡಿನ ವಿಷಯ ನಾನು ಹೇಳುತ್ತೇನೆ, ಯಾಕಂದ್ರೆ ಇದರಲ್ಲಿ ಎಲ್ಲರಿಗೂ ಒಂದೇ ತಪ್ಪು ತಿಳಿವಳಿಕೆ. ಬಿಸಿನೀರು, ಪಾತ್ರೆ ಸೋಪು ಹಾಕಿದರೆ ಎಣ್ಣೆ ಹೋಯಿತು ಅಂದುಕೊಳ್ಳುತ್ತಾರೆ. ಹೋಗುತ್ತದೆ, ನಿಮ್ಮ ಕಣ್ಣಿಂದ ಹೋಗುತ್ತದೆ. ಎರಡು ಮೂರು ಮೀಟರ್ ಆಚೆ ಪೈಪು ತಣ್ಣಗಿರುತ್ತದೆ. ಅಲ್ಲಿ ಗೋಡೆಗೆ ಅಂಟಿ ಕೂರುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಅದಕ್ಕೆ ಅನ್ನದ ಅಗುಳು, ಚಹಾ ಪುಡಿ, ಹಿಟ್ಟು ಎಲ್ಲ ಅಂಟುತ್ತಾ ಹೋಗುತ್ತವೆ. ಪೈಪಿನ ಬಾಯಿ ದಿನ ದಿನಕ್ಕೂ ಕಿರಿದಾಗುತ್ತದೆ, ಆದರೆ ನೀರು ಹೋಗುತ್ತಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಒಂದು ಹಬ್ಬದ ದಿನ ಮನೆ ತುಂಬ ಜನ ಇರುವಾಗ ನಿಂತುಹೋಗುತ್ತದೆ. ಯಾವಾಗಲೂ ಅವತ್ತೇ!

ಅಲ್ಲಿಗೂ ಮುಗಿಯಲ್ಲ. ಕೊಬ್ಬು ಒಡೆದು ಬಂದ ಆಮ್ಲಗಳು ಕೊಳಚೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಒಂಥರಾ ಗಟ್ಟಿ ಸೋಪು ಆಗುತ್ತವೆ. ಅದು ನೀರಲ್ಲಿ ಕರಗುವುದೇ ಇಲ್ಲ. ಊರಿನ ದೊಡ್ಡ ಚರಂಡಿಯಲ್ಲಿ ಇದಕ್ಕೆ ಒದ್ದೆ ವೈಪ್ಸ್ ಸೇರಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಸಿಕ್ಕ ಗಡ್ಡೆ ನೋಡಿ. ಸುಮಾರು 250 ಮೀಟರ್ ಉದ್ದ, 130 ಟನ್ ತೂಕ. ಅದರ ಒಂದು ತುಂಡನ್ನು ಮರುವರ್ಷ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು. ಅದೆಲ್ಲ ಶುರುವಾಗಿದ್ದು ಯಾರದೋ ಸಿಂಕ್‌ನಿಂದಲೇ ಅಲ್ವಾ.

ಮಾಡಬೇಕಾದದ್ದು ಇಷ್ಟೇ. ಜಿಡ್ಡಿನ ಪಾತ್ರೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಿಂದ ಒರೆಸಿ. ಕರಿದ ಎಣ್ಣೆ ಆರಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಿಡಿ, ತುಂಬಿದ ಮೇಲೆ ಕಸಕ್ಕೆ ಹಾಕಿ ಅಥವಾ ಬಳಸಿದ ಎಣ್ಣೆ ತೆಗೆದುಕೊಳ್ಳುವವರಿದ್ದರೆ ಅವರಿಗೆ ಕೊಡಿ. ಸಿಂಕ್ ಬಾಯಿಗೆ ಸಣ್ಣ ತೂತಿನ ಜಾಲರಿ ಬುಟ್ಟಿ ಇಡಿ. ಅದು ತುಂಬಿದಾಗ ಎತ್ತಿ ಪೈಪಿಗೇ ಬಡಿಯುವ ಅಭ್ಯಾಸ ಕೆಲವರಿಗಿದೆ, ಹಾಗೆ ಮಾಡುವುದಾದರೆ ಬುಟ್ಟಿ ಯಾಕೆ ಬೇಕು?

ಕೆಳಮನೆ

ಎಲ್ಲರಿಗೂ ಥ್ಯಾಂಕ್ಸ್. ಪೈಪಣ್ಣ ಹೇಳಿದ ಹಾಗೆ ಚೇಂಬರ್ ನೋಡಿದೆ. ಮನೆ ಹತ್ತಿರದ್ದು ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಅದರ ಮುಂದಿನದು ಬಹುತೇಕ ಒಣಗಿದೆ, ತಳದಲ್ಲಿ ಸಣ್ಣ ಧಾರೆ ಮಾತ್ರ. ನಡುವೆ ಸುಮಾರು 8 ಮೀಟರ್ ದೂರ. ಆ ಜಾಗದ ಪಕ್ಕದಲ್ಲೇ ಒಂದು ದೊಡ್ಡ ಮರ ಇದೆ. ಹಳೇ ಪೈಪು, ಮಣ್ಣಿನದು ಅಂತ ಕಾಣುತ್ತದೆ, ಕಂದು ಬಣ್ಣ, ಒಳಗೆ ನುಣುಪು. ಸಿಂಕ್ ಪೈಪು ಚೇಂಬರಿಗೆ ಬಂದು ಬೀಳುವ ಕಡೆ ಗೋಡೆ ತುಂಬ ಬಿಳಿ ಬಣ್ಣದ ಗಟ್ಟಿ ಪದರ, ಕೋಲಿನಿಂದ ತಟ್ಟಿದರೆ ಚಕ್ಕೆ ಚಕ್ಕೆ ಎದ್ದು ಬರುತ್ತದೆ.

ಪೈಪಣ್ಣ

ಹಾಗಿದ್ದರೆ ನಿಮ್ಮ ಬಚ್ಚಲು ಒಡೆಯುವ ಮಾತೇ ಇಲ್ಲ. ಬಿಳಿ ಪದರ ಜಿಡ್ಡಿನದು, ಮೇಲೆ ಹೇಳಿದ್ದಾರಲ್ಲ ಅದೇ. ಎರಡು ಚೇಂಬರ್ ನಡುವಿನದು ಬೇರು ಅಂತ ನನ್ನ ಅಂದಾಜು. ಖಾಲಿ ಇರುವ ಚೇಂಬರಿನ ಕಡೆಯಿಂದ ಸ್ಪ್ರಿಂಗ್ ಕೇಬಲ್ ತೂರಿಸಿ ತಿರುಗಿಸಲಿ. ತುಂಬಿದ ಕಡೆಯಿಂದ ಮಾಡಿದರೆ ಏನೂ ಕಾಣಲ್ಲ. ಆದರೆ ತಡೆ ಬಿಟ್ಟ ಕೂಡಲೇ ನಿಂತ ನೀರೆಲ್ಲ ಒಮ್ಮೆಲೇ ಬರುತ್ತದೆ, ಎದುರಿಗೆ ನಿಲ್ಲಬೇಡಿ ಅಂತ ಕೆಲಸದವರಿಗೆ ಹೇಳಿ. ಏನು ಹೊರಗೆ ಬರುತ್ತದೆ ನೋಡಿ ಬರೆಯಿರಿ.

ಇನ್ನೊಂದು ಪ್ರಶ್ನೆ, ಇತ್ತೀಚೆಗೆ ಮನೆಯಲ್ಲಿ ಟೈಲ್ಸ್ ಕೆಲಸ ಏನಾದರೂ ಆಗಿದೆಯಾ?

ಕೆಳಮನೆ

ಹೌದು, ಬಚ್ಚಲಿನ ಗೋಡೆಗೆ ಹಾಕಿಸಿದ್ದೆವು. ಅದಕ್ಕೂ ಇದಕ್ಕೂ ಏನು?

ಪೈಪಣ್ಣ

ಇದೆ. ಸಂಜೆ ಕೆಲಸ ಮುಗಿಸಿ ಬಕೆಟ್ಟು, ಕರಣೆ ಎಲ್ಲ ಎಲ್ಲಿ ತೊಳೆಯುತ್ತಾರೆ? ಬಚ್ಚಲ ಜಾಲರಿಗೆ. ಸಿಮೆಂಟ್ ಒಣಗಿದರೆ ಗಟ್ಟಿಯಾಗುತ್ತದೆ, ನೀರಲ್ಲಿದ್ದರೆ ತೊಳೆದುಕೊಂಡು ಹೋಗುತ್ತದೆ ಅಂತ ಜನ ತಿಳಿದಿದ್ದಾರೆ. ಉಲ್ಟಾ. ಸಿಮೆಂಟ್ ಗಟ್ಟಿಯಾಗೋದು ನೀರಿನ ಜೊತೆ ಸೇರಿಯೇ, ನೀರಿನ ಅಡಿಯಲ್ಲೂ ಕಲ್ಲಾಗುತ್ತದೆ. ಟ್ರ್ಯಾಪಿನ ತಗ್ಗಿನಲ್ಲಿ ಒಂದು ರಾತ್ರಿ ಕೂತರೆ ಸಾಕು, ಆಮೇಲೆ ಪುಡಿಯೂ ಇಲ್ಲ ಸ್ಪ್ರಿಂಗೂ ಇಲ್ಲ. ಗಾರೆ ಕೆಲಸ ಶುರು ಮಾಡುವ ಮೊದಲು ಎಲ್ಲ ಜಾಲರಿಗೂ ಗೋಣಿ ತುಂಡು, ಮೇಲೆ ಪ್ಲಾಸ್ಟಿಕ್ ಕಟ್ಟಿ. ತೊಳೆಯೋದು ಹೊರಗೆ ಮಣ್ಣಿನ ಮೇಲೆ, ಬಕೆಟ್ಟಲ್ಲಿ ಕೆಸರು ಕೂರಲು ಬಿಟ್ಟು ಮೇಲಿನ ತಿಳಿ ಮಾತ್ರ ಚೆಲ್ಲಲಿ. ಪೇಂಟ್, ವಾಲ್ ಪುಟ್ಟಿಗೂ ಇದೇ ಮಾತು.

ತೊಟ್ಟಿಲು

ಪುಟ್ಟ ಮಗು ಇರುವ ಮನೆಯವರಿಗೆ ಒಂದು ಪ್ರಶ್ನೆ. ಒದ್ದೆ ವೈಪ್ಸ್ ಪ್ಯಾಕಿನ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದೆ. ಮಾಡಬಹುದಲ್ವಾ?

ಸಿಂಕ್_ಪಕ್ಕ

ಮಾಡಬೇಡಿ ಮೇಡಂ. ನೀವೇ ಪರೀಕ್ಷೆ ಮಾಡಿ ನೋಡಿ. ಎರಡು ಬಾಟಲಿಗೆ ಅರ್ಧ ನೀರು ತುಂಬಿಸಿ. ಒಂದಕ್ಕೆ ಟಾಯ್ಲೆಟ್ ಪೇಪರ್, ಇನ್ನೊಂದಕ್ಕೆ ವೈಪ್ಸ್ ಹಾಕಿ ಚೆನ್ನಾಗಿ ಕುಲುಕಿ. ಪೇಪರಿನ ನಾರು ಗಿಡ್ಡ, ಬೇಗ ಬಿಚ್ಚಿಕೊಂಡು ಗಂಜಿಯಾಗುತ್ತದೆ. ಹೆಚ್ಚಿನ ವೈಪ್ಸ್ ಮರುದಿನ ತೆಗೆದರೂ ಬಟ್ಟೆಯ ಹಾಗೇ ಇರುತ್ತದೆ, ಯಾಕಂದ್ರೆ ಒದ್ದೆಯಲ್ಲೂ ಹರಿಯಬಾರದು ಅಂತಲೇ ಮಾಡಿದ್ದು. "ಫ್ಲಶ್ ಆಗುತ್ತದೆ" ಅಂದ್ರೆ ಕಮೋಡಿನ ಬಾಯಿ ದಾಟುತ್ತದೆ ಅಂತ ಅಷ್ಟೇ. ಮುಂದೆ ಪೈಪಿನಲ್ಲಿ ಒಂದು ಒರಟು ಜಾಯಿಂಟಿಗೆ ಸಿಕ್ಕಿದರೆ ಅಲ್ಲೇ ಕೂತು ಹಿಂದೆ ಬರುವ ಎಲ್ಲವನ್ನೂ ಹಿಡಿಯುತ್ತದೆ.

ಪ್ಯಾಡು, ಡೈಪರು ಅದಕ್ಕಿಂತ ಕೆಟ್ಟದ್ದು. ಒಳಗಿರುವ ಪುಡಿ ನೀರು ಕುಡಿದು ಹತ್ತಾರು ಪಟ್ಟು ಉಬ್ಬುತ್ತದೆ. ಅದು ಪೈಪಿನೊಳಗೇ ಉಬ್ಬುತ್ತದೆ ಅಂತ ಯೋಚಿಸಿ. ಕಮೋಡ್ ಪಕ್ಕ ಮುಚ್ಚಳ ಇರುವ ಒಂದು ಸಣ್ಣ ಡಬ್ಬಿ ಇಡಿ. ಡಬ್ಬಿ ಇಲ್ಲದ ಬಾತ್‌ರೂಮಿನಲ್ಲಿ ಬಂದ ನೆಂಟರು ಏನು ಮಾಡಬೇಕು ಪಾಪ? ಅವರನ್ನು ಬೈದು ಪ್ರಯೋಜನ ಇಲ್ಲ.

ಉದ್ದಕೂದಲು

ಕೂದಲ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಮೂವರದೂ ಉದ್ದ ಕೂದಲು, ಇದರಲ್ಲಿ ನಾನು ಪಿಎಚ್‌ಡಿ ಮಾಡಬಹುದು. ಕೂದಲು ಒಂದೇ ಇದ್ದರೆ ಅಷ್ಟು ತೊಂದರೆ ಇಲ್ಲ. ಗಡಸು ನೀರಿನಲ್ಲಿ ಸೋಪು ಕೆನೆಯ ಥರ ಕಟ್ಟುತ್ತದಲ್ಲ, ಅದು ಕೂದಲಿಗೆ ಅಂಟಿದಾಗ ಗಟ್ಟಿ ಬೆಣೆ ಆಗುತ್ತದೆ. ಜಾಲರಿಯ ಮೇಲೆ ಇನ್ನೊಂದು ಸಣ್ಣ ತೂತಿನ ಸಿಲಿಕೋನ್ ಜಾಲರಿ ಇಡಿ, ಸ್ನಾನ ಆದವರು ತಾವೇ ತೆಗೆದು ಕಸಕ್ಕೆ ಹಾಕಬೇಕು ಅಂತ ಮನೆಯಲ್ಲಿ ನಿಯಮ ಮಾಡಿ. ಅದರ ಮೇಲೆ ತಿಂಗಳಿಗೊಮ್ಮೆ ಜಾಲರಿ ಎತ್ತಿ, ಅಂಚಿನಲ್ಲಿ ಮುಳ್ಳು ಮುಳ್ಳು ಇರುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದನ್ನು ಇಳಿಸಿ ತಿರುಗಿಸಿ ಎಳೆಯಿರಿ. ಬಂದದ್ದನ್ನು ನೋಡಿ ಊಟ ಸೇರಲ್ಲ, ಅದು ಬೇರೆ ಮಾತು.

ವಾಷಿಂಗ್ ಮಷಿನ್ ಪೈಪಿನ ತುದಿಗೂ ಒಂದು ಬಲೆ ಚೀಲ ಕಟ್ಟಿ. ಬಟ್ಟೆಯ ನಾರು ಎಷ್ಟು ಬರುತ್ತದೆ ಅಂತ ಆಗ ಗೊತ್ತಾಗುತ್ತದೆ. ಆದರೆ ಚೀಲ ತುಂಬಿ ಕಟ್ಟಿಕೊಂಡರೆ ಮಷಿನ್ ನೀರು ಹೊರಗೆ ಹಾಕಲ್ಲ, ಮರೆಯದೆ ಖಾಲಿ ಮಾಡಬೇಕು.

ಹಂಚಿನ_ಮನೆ

ಪ್ಲಂಜರ್ ಬಗ್ಗೆ ಒಂದು ಮಾತು ಹೇಳಿ ಯಾರಾದರೂ. ನಾನು ಎಷ್ಟು ಒತ್ತಿದರೂ ಪಚಕ್ ಪಚಕ್ ಅಂತ ಸದ್ದು ಬಿಟ್ಟರೆ ಏನೂ ಆಗಲ್ಲ.

ಪೈಪಣ್ಣ

ಗಾಳಿ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದೆ. ವಾಶ್‌ಬೇಸಿನ್ ಆದರೆ ಮೇಲೆ ಅಂಚಿನ ಹತ್ತಿರ ಒಂದು ತೂತು ಇರುತ್ತದೆ, ನೀರು ತುಂಬಿ ಚೆಲ್ಲದಿರಲಿ ಅಂತ. ಅದನ್ನು ಒದ್ದೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎರಡು ತೊಟ್ಟಿಯ ಸಿಂಕ್ ಆದರೆ ಇನ್ನೊಂದರ ಬಾಯಿ ಮುಚ್ಚಿ. ರಬ್ಬರ್ ಮುಳುಗುವಷ್ಟು ನೀರು ನಿಂತಿರಬೇಕು, ಗಾಳಿಗಿಂತ ನೀರೇ ಚೆನ್ನಾಗಿ ತಳ್ಳೋದು. ಅಂಚಿಗೆ ಸ್ವಲ್ಪ ವ್ಯಾಸಲೀನ್ ಸವರಿದರೆ ಹಿಡಿತ ಸಿಗುತ್ತದೆ. ಒತ್ತುವುದಕ್ಕಿಂತ ಮೇಲೆ ಎಳೆಯುವುದರಲ್ಲಿ ಕೆಲಸ ಜಾಸ್ತಿ. ಕಮೋಡಿಗೆ ಒಳಗೆ ತುಟಿ ಇರುವ ಬೇರೆ ಪ್ಲಂಜರ್ ಬರುತ್ತದೆ, ಚಪ್ಪಟೆ ಬಟ್ಟಲಿನದು ಅಲ್ಲಿ ಕೂರಲ್ಲ. ಔಷಧಿ ಪುಡಿ ಸುರಿದ ಮೇಲೆ ಮಾತ್ರ ಪ್ಲಂಜರ್ ಮುಟ್ಟಬೇಡಿ, ಮುಖಕ್ಕೆ ಹಾರುತ್ತದೆ.

ಕೆಳಮನೆ

ಸ್ಪ್ರಿಂಗ್ ಹಾಕಿಸಿದೆವು. ಪೈಪಣ್ಣನ ಅಂದಾಜು ನಿಜ. ತುದಿಯಲ್ಲಿ ಸಿಕ್ಕಿ ಬಂದಿದ್ದು ಬೇರು, ಜಡೆ ಹೆಣೆದ ಹಾಗೆ ಒಂದು ಮೊಳ ಉದ್ದ, ಕೂದಲಷ್ಟು ತೆಳ್ಳಗಿನ ಸಾವಿರಾರು ಎಳೆ. ನಡುವೆ ಟಾಯ್ಲೆಟ್ ಪೇಪರಿನ ಮುದ್ದೆ, ಒಂದು ಪ್ಲಾಸ್ಟಿಕ್ ಚಮಚ (!), ಬೂದು ಬಣ್ಣದ ಜಿಡ್ಡು. ನೀರು ಒಂದೇ ಉಸಿರಿಗೆ ಹೋಯಿತು. ಈಗ ಮರ ಕಡಿಸಬೇಕಾ? ಮನೆಯಲ್ಲಿ ಯಾರಿಗೂ ಇಷ್ಟ ಇಲ್ಲ.

ಹಿತ್ತಲಗಿಡ

ದಯವಿಟ್ಟು ಮರದ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಸರಿಯಾಗಿರುವ ಪೈಪನ್ನು ಬೇರು ಸುಮ್ನೆ ಒಡೆದು ನುಗ್ಗುವುದು ಅಪರೂಪ. ಹಳೇ ಮಣ್ಣಿನ ಪೈಪಿನಲ್ಲಿ ತುಂಡು ತುಂಡಿಗೂ ಸಿಮೆಂಟ್ ಜಾಯಿಂಟು. ಆ ಜಾಯಿಂಟಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಸುತ್ತಲಿನ ಮಣ್ಣು ತೇವ ಆಗುತ್ತದೆ. ಬೇರು ತೇವ ಇದ್ದ ಕಡೆ ಬೆಳೆಯುತ್ತದೆ. ಒಳಗೆ ಹೋದರೆ ನೀರು, ಗಾಳಿ, ಗೊಬ್ಬರ ಎಲ್ಲ ಒಂದೇ ಕಡೆ. ಆಮೇಲೆ ಅದು ದಪ್ಪಗಾಗುತ್ತಾ ಬಿರುಕನ್ನು ಅಗಲ ಮಾಡುತ್ತದೆ. ಅಂದ್ರೆ ಮೊದಲು ಸೋರಿದ್ದು ಪೈಪು, ಬೇರು ಬಂದಿದ್ದು ಆಮೇಲೆ. ಮರ ಕಡಿದರೂ ಬಿರುಕು ಹಾಗೇ ಇರುತ್ತದೆ, ಕೊಳಚೆ ಮಣ್ಣಿಗೆ ಸೋರುತ್ತಲೇ ಇರುತ್ತದೆ, ಮಣ್ಣು ಒಳಗೆ ಕುಸಿದು ಮೇಲೆ ನೆಲ ತಗ್ಗಾಗುತ್ತದೆ.

ಕತ್ತರಿಸಿದ ಬೇರು ಮತ್ತೆ ಬರುತ್ತದೆ, ಕವಲೊಡೆದು ಇನ್ನೂ ದಟ್ಟವಾಗಿ ಬರಬಹುದು. ಮೈಲುತುತ್ತು (ಕಾಪರ್ ಸಲ್ಫೇಟ್) ಸುರಿದರೆ ಸಾಯುತ್ತದೆ ಅಂತ ಹೇಳೋರಿದ್ದಾರೆ. ಒಳಗಿನ ಬೇರು ಸಾಯುತ್ತದೆ ನಿಜ, ಆದರೆ ತಾಮ್ರ ವಿಷ. ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಕ್ಕೂ ಮುಂದೆ ನೀರು ಸೇರುವ ಕಡೆಯ ಜೀವಕ್ಕೂ ಒಳ್ಳೆಯದಲ್ಲ. ಬಿರುಕು ಮುಚ್ಚೋದೇ ಸರಿ. ಕ್ಯಾಮೆರಾ ಇಳಿಸಿ ಎಷ್ಟು ಜಾಯಿಂಟು ಹೋಗಿದೆ ನೋಡಿಸಿ.

ನೀರಿನ_ಲೆಕ್ಕ

ಸಿವಿಲ್ ಕೆಲಸದವನಾಗಿ ಇಲ್ಲಿ ಸೇರಿಸುತ್ತೇನೆ. 8 ಮೀಟರ್ ಅಷ್ಟೇ, ಮೇಲೆ ಬರೀ ಮಣ್ಣು ಅಂದ್ರೆ ಅಗೆದು ಪಿವಿಸಿ ಹಾಕೋದೇ ಸುಲಭ. ಮೇಲೆ ಕಟ್ಟಡವೋ ಕಾಂಕ್ರೀಟೋ ಇದ್ದರೆ ಅಗೆಯದೆ ಒಳಗಿಂದಲೇ ಲೈನಿಂಗ್ ಹಾಕುವ ವಿಧಾನ ಇದೆ. ರೆಸಿನ್ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿದ ಬಟ್ಟೆ ಕೊಳವೆಯನ್ನು ಹಳೇ ಪೈಪಿನೊಳಗೆ ತೂರಿಸಿ, ಉಬ್ಬಿಸಿ, ಗಟ್ಟಿ ಮಾಡೋದು. 1971ರಲ್ಲಿ ಎರಿಕ್ ವುಡ್ ಅನ್ನುವವರು ಲಂಡನ್ನಿನಲ್ಲಿ ಮೊದಲು ಮಾಡಿದ್ದು. ಹಳೇ ಪೈಪಿನೊಳಗೆ ಜಾಯಿಂಟೇ ಇಲ್ಲದ ಹೊಸ ಪೈಪು ಸಿಕ್ಕಿದ ಹಾಗೆ. ಆದರೆ ಪೈಪು ಪೂರ್ತಿ ಕುಸಿದಿದ್ದರೆ, ನಡುವೆ ಜೋತಿದ್ದರೆ ಅದರಿಂದ ಆಗಲ್ಲ. ಜೋತ ಪೈಪಿಗೆ ಹೊದಿಸಿದರೆ ಜೋತ ಹೊಸ ಪೈಪು ಸಿಗುತ್ತದೆ ಅಷ್ಟೇ.

ಅಗೆದರೆ ಮಾತ್ರ ಇಳಿಜಾರು ನಿಂತು ನೋಡಿಸಿ. 100 ಮಿಲಿಮೀಟರ್ ಪೈಪಿಗೆ 1ಕ್ಕೆ 40 ಒಳ್ಳೆಯ ಲೆಕ್ಕ, ಅಂದ್ರೆ ಮೀಟರಿಗೆ 25 ಮಿಲಿಮೀಟರ್. ನಿಮ್ಮ 8 ಮೀಟರಿಗೆ 20 ಸೆಂಟಿಮೀಟರ್ ಇಳಿಯಬೇಕು. ದಾರ ಕಟ್ಟಿ ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ ಯಾರಿಗೂ ಗೊತ್ತಾಗುತ್ತದೆ.

ಸುಮ್ನೆ_ಓದುಗ

ಇನ್ನೂ ಜಾಸ್ತಿ ಇಳಿಜಾರು ಕೊಟ್ಟರೆ ಇನ್ನೂ ಜೋರಾಗಿ ಹೋಗಲ್ವಾ?

ನೀರಿನ_ಲೆಕ್ಕ

ಹೋಗುತ್ತದೆ. ತುಂಬ ಕಡಿದಾದರೆ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ ಅಂತ ಪುಸ್ತಕದಲ್ಲಿದೆ, ಆದರೆ ಮನೆ ಪೈಪಿನಲ್ಲಿ ಅದರ ಬಗ್ಗೆ ಅತಿಯಾಗಿ ಹೆದರಿಸುತ್ತಾರೆ ಅಂತ ನನ್ನ ಅಭಿಪ್ರಾಯ. ನಿಜವಾದ ಶತ್ರು ಕಡಿಮೆ ಇಳಿಜಾರು, ಅದಕ್ಕಿಂತ ದೊಡ್ಡ ಶತ್ರು ನಡುವೆ ತಗ್ಗು. ಪೈಪಿನ ಕೆಳಗೆ ಕಲ್ಲು ಇಟ್ಟು ಲೆವೆಲ್ ಮಾಡಿ ಮೇಲೆ ಅದೇ ಮಣ್ಣು ತಳ್ಳಿಬಿಡುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಕಲ್ಲಿನ ಮೇಲೆ ಪೈಪು ನಿಲ್ಲುತ್ತದೆ, ಉಳಿದದ್ದು ಇಳಿಯುತ್ತದೆ. ತಗ್ಗಿನಲ್ಲಿ ಯಾವಾಗಲೂ ನೀರು ನಿಂತು ಕೆಸರು ಕೂರುತ್ತದೆ. ಪೂರ್ತಿ ಉದ್ದಕ್ಕೂ ಮರಳಿನ ಹಾಸಿಗೆ ಹಾಕಿ, ಪಕ್ಕಕ್ಕೂ ಮರಳು ತುಂಬಿ ತುಳಿದು, ಆಮೇಲೆ ಮಣ್ಣು. ಕಾರು ನಿಲ್ಲಿಸುವ ಜಾಗದಲ್ಲಿ ಹೆಚ್ಚು ಆಳವಿಲ್ಲದೆ ಪೈಪು ಹೋದರೆ ಕಾಂಕ್ರೀಟ್ ಹೊದಿಸಿ.

ತಿರುವಿನಲ್ಲಿ 90 ಡಿಗ್ರಿ ಎಲ್ಬೋ ಒಂದರ ಬದಲು 45ರ ಎರಡು. ದಿಕ್ಕು ಬದಲಾಗುವ ಪ್ರತಿ ಕಡೆ ಬಿಚ್ಚಿ ನೋಡಲು ಒಂದು ಬಾಯಿ ಅಥವಾ ಚೇಂಬರ್. ಚೇಂಬರ್ ಮೇಲೆ ಟೈಲ್ಸ್ ಹಾಕಿ ಮುಚ್ಚಿ ಹೂಕುಂಡ ಇಡೋದು ಬೇಡ. ಕಟ್ಟಿಕೊಂಡ ದಿನ ಆ ಮುಚ್ಚಳ ಎಲ್ಲಿದೆ ಅಂತ ಹುಡುಕೋಕೇ ಅರ್ಧ ದಿನ ಹೋಗುತ್ತದೆ.

ಹಂಚಿನ_ಮನೆ

ನಮ್ಮ ಮಹಡಿ ಮೇಲಿನ ಮಳೆನೀರನ್ನೂ ಇದೇ ಲೈನಿಗೆ ಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಪೈಪು ತಾನಾಗಿ ತೊಳೆದುಹೋಗಲಿ ಅಂತ. ಒಳ್ಳೆಯದೇ ಅಲ್ವಾ?

ನೀರಿನ_ಲೆಕ್ಕ

ಇಲ್ಲ, ತಪ್ಪಿಸಿ. ಮಹಡಿಯ ಮಣ್ಣು, ಎಲೆ, ಮರಳು ಎಲ್ಲ ಒಳಗೆ ಬರುತ್ತದೆ. ಮರಳು ಹರಿದು ಹೋಗಲ್ಲ, ತಳದಲ್ಲಿ ಕೂರುತ್ತದೆ. ಇಡೀ ಬೀದಿಯವರು ನಿಮ್ಮ ಹಾಗೇ ಮಾಡಿದರೆ ಜೋರು ಮಳೆಯಲ್ಲಿ ಮುಖ್ಯ ಚರಂಡಿ ತುಂಬಿ, ತಗ್ಗಿನ ಮನೆಯವರ ಬಚ್ಚಲಲ್ಲಿ ಎಲ್ಲರ ಕೊಳಚೆ ಏಳುತ್ತದೆ. ಕೆಳಮನೆಯವರು ನೆಲಮಹಡಿ, ಮನೆ ರಸ್ತೆಗಿಂತ ತಗ್ಗಿದ್ದರೆ ಕೊನೆಯ ಚೇಂಬರಿನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಹೊರಗೆ ಬಿಟ್ಟು ವಾಪಸ್ ಬರಲು ಬಿಡದ ಬಾಗಿಲು) ಹಾಕಿಸೋದು ಒಳ್ಳೆಯದು. ಅದರ ಬಾಗಿಲಿಗೆ ಕಸ ಸಿಕ್ಕಿಕೊಂಡರೆ ಕೆಲಸ ಮಾಡಲ್ಲ, ಮಳೆಗಾಲಕ್ಕೆ ಮೊದಲು ತೆಗೆದು ತೊಳೆಯಬೇಕು.

ಹೊರಗಿನವ

ಒಂದು ವಿಷಯ ಯಾರೂ ದೊಡ್ಡದಾಗಿ ಹೇಳಲಿಲ್ಲ. ಚೇಂಬರ್ ಆಳ ಇದ್ದರೆ, ಸೆಪ್ಟಿಕ್ ಟ್ಯಾಂಕ್ ಆದರೆ, ಯಾರನ್ನೂ ಒಳಗೆ ಇಳಿಸಬೇಡಿ. ನೀವೂ ಇಳಿಯಬೇಡಿ. "ಎರಡು ನಿಮಿಷದ ಕೆಲಸ, ಹುಡುಗ ಇಳೀತಾನೆ" ಅಂತ ಹೇಳೋ ಗುತ್ತಿಗೆದಾರನನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಜಾಸ್ತಿಯಾದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಂಡವರು ಮೇಲೆ ಬಂದಿಲ್ಲ. ಅವರನ್ನು ಎತ್ತಲು ಇಳಿದವರೂ ಬಂದಿಲ್ಲ. ಹೊರಗೆ ನಿಂತು ಮಾಡುವ ರಾಡು, ಜೋರು ಒತ್ತಡದಲ್ಲಿ ನೀರು ಹೊಡೆಯುವ ಜೆಟ್ಟಿಂಗ್ ಮಷಿನ್, ಹೀರುವ ಗಾಡಿ ಎಲ್ಲ ಇದೆ. ಯಂತ್ರ ಬರುವವರೆಗೆ ಕಾಯಿರಿ.

ಪೈಪಣ್ಣ

ನೂರಕ್ಕೆ ನೂರು ನಿಜ. ಜೆಟ್ಟಿಂಗ್ ಬಗ್ಗೆ ಒಂದು ಮಾತು: ಜಿಡ್ಡಿಗೆ ಅದರಂಥ ಮದ್ದು ಇಲ್ಲ. ಆದರೆ ಹಳೇ, ಬಿರುಕು ಬಿಟ್ಟ ಪೈಪಿಗೆ ಪೂರ್ತಿ ಒತ್ತಡದಲ್ಲಿ ಹೊಡೆದರೆ ಇದ್ದ ಜಾಯಿಂಟೂ ಹೋಗುತ್ತದೆ. ಪೈಪು ಯಾವುದು ಅಂತ ಮೊದಲೇ ಹೇಳಿ, ಒತ್ತಡ ಕಡಿಮೆ ಇಟ್ಟು ಶುರು ಮಾಡಲಿ.

ಕೆಳಮನೆ

ಕ್ಯಾಮೆರಾ ಹಾಕಿಸಿದೆವು. ಮರದ ಕಡೆ ಮೂರು ಜಾಯಿಂಟು ಬಾಯಿ ಬಿಟ್ಟಿವೆ, ಉಳಿದದ್ದು ಪರವಾಗಿಲ್ಲ ಅಂದರು. ಮೇಲೆ ಬರೀ ಮಣ್ಣು ಇರೋದರಿಂದ ಆ 8 ಮೀಟರ್ ಅಗೆದು ಪಿವಿಸಿ ಹಾಕಿಸುತ್ತಿದ್ದೇವೆ, ಮರದಿಂದ ಸ್ವಲ್ಪ ದೂರಕ್ಕೆ ಸರಿಸಿ. ಬಚ್ಚಲು ಒಡೆಯುತ್ತಿಲ್ಲ. ಸಿಂಕ್ ಟ್ರ್ಯಾಪ್ ಬಿಚ್ಚಿ ತೊಳೆದಾಯಿತು. ಅಡಿಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿದೆ, ಬಂತು. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಇನ್ನೊಂದೇ ಪ್ರಶ್ನೆ. ಮನೆಯ ಹಿಂದೆ ಬಳಸದ ಒಂದು ಬಾತ್‌ರೂಮ್ ಇದೆ, ಅಲ್ಲಿ ಮಾತ್ರ ಸದಾ ಗಬ್ಬು ವಾಸನೆ, ಜಿರಳೆ. ಎಷ್ಟು ಫಿನಾಯಿಲ್ ಹಾಕಿದರೂ ಅಷ್ಟೇ. ಅಲ್ಲಿಯೂ ಪೈಪು ಹೋಗಿದೆಯಾ?

ಸಿಂಕ್_ಪಕ್ಕ

ಅಲ್ಲಿ ನೀರು ಯಾವಾಗ ಬಿಟ್ಟಿದ್ದು?

ಕೆಳಮನೆ

ನೆನಪಿಲ್ಲ. ಸಾಮಾನು ತುಂಬಿಟ್ಟಿದ್ದೇವೆ.

ರಸಾಯನ_ಮೇಷ್ಟ್ರು

ಹಾಗಾದ್ರೆ ಟ್ರ್ಯಾಪ್ ಒಣಗಿದೆ. ಬಾಗಿದ ಪೈಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತಿರುತ್ತದೆ. ಚರಂಡಿಯ ಗಾಳಿಗೂ ಮನೆಗೂ ನಡುವೆ ಇರುವ ಬಾಗಿಲು ಅದೊಂದೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನುವ ಗಡಿಯಾರ ಮಾಡುವವರು ಟಾಯ್ಲೆಟ್ ಪೈಪನ್ನು ಹೀಗೆ ಬಾಗಿಸಿ ಪೇಟೆಂಟ್ ತೆಗೆದುಕೊಂಡರು, ಇವತ್ತಿಗೂ ಅದೇ ಉಪಾಯ. ಆ ನೀರು ಆವಿಯಾದರೆ ಬಾಗಿಲು ತೆಗೆದಿಟ್ಟ ಹಾಗೇ. ಬರೀ ವಾಸನೆಯ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಅನ್ನುವ ವಸತಿ ಸಮುಚ್ಚಯದಲ್ಲಿ 300ಕ್ಕೂ ಜಾಸ್ತಿ ಜನಕ್ಕೆ ಸಾರ್ಸ್ ಅನ್ನುವ ಉಸಿರಾಟದ ಸೋಂಕು ಬಂತು. ಅಲ್ಲಿ ರೋಗ ಹರಡಲು ಒಣಗಿದ ಬಚ್ಚಲ ಟ್ರ್ಯಾಪ್‌ಗಳೂ ಒಂದು ಕಾರಣ ಅಂತ ತನಿಖೆಯಲ್ಲಿ ಹೇಳಿದರು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಚರಂಡಿ ಗಾಳಿ ಒಳಗೆ ಎಳೆದುಕೊಂಡು ಬರುತ್ತಿತ್ತು.

ವಾರಕ್ಕೊಮ್ಮೆ ಜಾಲರಿಗೆ ಎರಡು ಚೊಂಬು ನೀರು ಹಾಕಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ನೀರಿನ ಮೇಲೆ ಒಂದು ಚಮಚ ಎಣ್ಣೆ ಬಿಡಿ, ಆವಿಯಾಗೋದು ನಿಧಾನವಾಗುತ್ತದೆ.

ಸುಮ್ನೆ_ಓದುಗ

ಎಣ್ಣೆ ಹಾಕಬಾರದು ಅಂತ ಮೇಲೆ ಒಂದು ಪುಟ ಬರೆದು ಈಗ ಎಣ್ಣೆ ಹಾಕಿ ಅಂತೀರಾ 😄

ಸಿಂಕ್_ಪಕ್ಕ

ಒಂದು ಚಮಚ ಸರ್, ಬಾಣಲೆಯಲ್ಲ!

ಪೈಪಣ್ಣ

ನೀರು ಹಾಕಿದ ಮೇಲೂ ಎರಡು ದಿನದಲ್ಲಿ ಮತ್ತೆ ವಾಸನೆ ಬಂದರೆ ಆವಿಯಾಗಿದ್ದಲ್ಲ, ಯಾರೋ ಹೀರುತ್ತಿದ್ದಾರೆ ಅಂತ ಅರ್ಥ. ಮಹಡಿ ಮೇಲೆ ಹೋಗಿ ಗಾಳಿ ಪೈಪು ನೋಡಿ. ಅದರ ಬಾಯಿಗೆ ಹಕ್ಕಿ ಗೂಡು ಕಟ್ಟಿದ್ದರೆ, ಅಥವಾ ಮಳೆ ಬೀಳುತ್ತದೆ ಅಂತ ಯಾರಾದರೂ ಪ್ಲಾಸ್ಟಿಕ್ ಕಟ್ಟಿ ಮುಚ್ಚಿದ್ದರೆ, ಫ್ಲಶ್ ಮಾಡಿದಾಗ ಲೈನಿಗೆ ಬೇಕಾದ ಗಾಳಿ ಮೇಲಿಂದ ಸಿಗದೆ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ. ಮುಚ್ಚಿದ್ದನ್ನು ತೆಗೆದು ಗಾಳಿಯಾಡುವ ತೂತಿನ ಟೋಪಿ ಹಾಕಿ, ಅದು ಸಿಗುತ್ತದೆ. ಮಳೆಹನಿ ನಾಲ್ಕು ಒಳಗೆ ಬಿದ್ದರೆ ಏನೂ ಆಗಲ್ಲ.